ಸದ್ದಿಲ್ಲದ ದ್ವೀಪಕ್ಕೆ ಎರಡು ಟಿಕೆಟ್

ಲಂಡನ್ನಿನ ಕ್ವೀನ್ಸ್‌ಬರಿ ಸ್ಟೇಷನ್ ಹತ್ತಿರ, ಸೀರೆ ಅಂಗಡಿಯ ಮಹಡಿ ಮೇಲೆ ನನ್ನದೊಂದು ಟ್ರಾವೆಲ್ ಏಜೆನ್ಸಿ ಇದೆ. ಈಗ ಜನ ಟಿಕೆಟ್ಟನ್ನೆಲ್ಲ ಫೋನಿನಲ್ಲೇ ಮಾಡಿಕೊಳ್ಳುತ್ತಾರೆ. ಆದರೂ ನಮ್ಮವರು ಮೆಟ್ಟಿಲು ಹತ್ತಿ ಬರುತ್ತಾರೆ, ಕನ್ನಡದಲ್ಲಿ ಚೌಕಾಸಿ ಮಾಡಬಹುದಲ್ಲ ಅಂತ. ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಅದರಲ್ಲೂ ಹನಿಮೂನಿಗೆ ಅಂತ ಬಂದವರಲ್ಲಿ ಬರೀ ಇಬ್ಬರೇ ಬಂದದ್ದನ್ನು ನಾನು ಇವತ್ತಿಗೂ ಕಂಡಿಲ್ಲ.

ಯಾವ ಕಡೆಯವರು?

ಹೋದ ವರ್ಷ ಒಂದು ಶನಿವಾರ ನಾಲ್ಕು ಜನ ಬಂದರು. ಮುಂದೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹಿಂದೆ ತಲೆಯೆಲ್ಲ ಬೆಳ್ಳಗಾದ ಒಬ್ಬ ಗಂಡಸು, ಇಳಕಲ್ ಸೀರೆಯ ಮೇಲೆ ಉದ್ದನೆಯ ಕೋಟು ಹಾಕಿದ್ದ ಒಬ್ಬ ಹೆಂಗಸು.

"ಹನಿಮೂನ್ ಪ್ಯಾಕೇಜ್ ಬೇಕು. ಕೆರಿಬಿಯನ್. ಸಮ್‌ವೇರ್ ಕ್ವೈಟ್" ಅಂದಳು ಹುಡುಗಿ.

"ಕಂಗ್ರಾಜುಲೇಷನ್ಸ್! ಜೋಡಿ ತುಂಬಾ ಚೆನ್ನಾಗಿದೆ" ಅಂತ ನಾನು ಹುಡುಗ ಹುಡುಗಿಯ ಕೈ ಕುಲುಕಿದೆ. ಇಬ್ಬರೂ ಗಾಬರಿಯಾಗಿ ಕುರ್ಚಿಗಳನ್ನು ದೂರ ದೂರ ಎಳೆದುಕೊಂಡರು. ನಾಚಿಕೆ ಇರಬೇಕು ಅಂದುಕೊಂಡು ನಾನು ಹಿರಿಯರತ್ತ ತಿರುಗಿದೆ.

"ನೀವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?"

ಆ ಹೆಂಗಸು ತಣ್ಣಗೆ ಹೇಳಿದರು: "ಹೆಣ್ಣು ನಾನಽ ರೀ. ಗಂಡು ಇವರು. ಆ ಇಬ್ಬರು ನಮ್ಮ ಕಡೆಯವರು."

ಏನೂ ಇಲ್ಲದ ಊರು

ಆಕೆ ಧಾರವಾಡದವರು, ಸಟನ್ ಕಡೆ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಆತ ಮೈಸೂರಿನವರು, ರಿಟೈರಾದ ಎಂಜಿನಿಯರು, ಸ್ಟ್ಯಾನ್ಮೋರ್‌ನಲ್ಲಿ ಮನೆ. ಆಕೆಯ ಗಂಡ, ಆತನ ಹೆಂಡತಿ ತೀರಿಕೊಂಡು ವರ್ಷಗಳೇ ಆಗಿದ್ದವು. ಯುಗಾದಿ ಊಟದಲ್ಲಿ ಪಕ್ಕಪಕ್ಕ ಕೂತ ಪರಿಚಯ, ಮದುವೆಯ ಮಾತಿಗೆ ಬಂದು ನಿಂತಿತ್ತು. ಹುಡುಗಿ ಆಕೆಯ ಮಗಳು, ಹುಡುಗ ಆತನ ಮಗ.

ನಾನೊಂದು ಪುಟ್ಟ ದ್ವೀಪದ ಚಿತ್ರ ತೋರಿಸಿದೆ. "ಇಲ್ಲಿ ಕಾರಿಲ್ಲ, ಪೇಟೆ ಇಲ್ಲ, ಟಿವಿ ಇಲ್ಲ. ಫೋನು ಸಿಕ್ಕಿದರೆ ಸಿಕ್ಕಿತು."

"ಮತ್ತೇನಿದೆ?" ಅಂದರು ಎಂಜಿನಿಯರು.

"ಏನೂ ಇಲ್ಲ ಸರ್. ಅದಕ್ಕೇ ದುಬಾರಿ."

"ಇದನ್ನಽ ಮಾಡ್ರಿ" ಅಂದರು ಡಾಕ್ಟರಮ್ಮ. "ದಿನಾ ಪೇಷಂಟ್ ಮಂದಿ ಮಾತು ಕೇಳಿ ಕೇಳಿ ಸಾಕಾಗೇದ. ಅಲ್ಲೆ ಕೆಮ್ಮವರೂ ಇರಬಾರದು."

ಎಂಜಿನಿಯರು ಗಂಟಲಿಗೆ ಬಂದಿದ್ದ ಕೆಮ್ಮನ್ನು ಹಾಗೇ ನುಂಗಿಕೊಂಡರು.

ಬೆನ್ನು ನೋವು

ಸೋಮವಾರ ಮಗಳ ಫೋನು. "ಆಂಟಿ, ಬೇರೆ ಬೇರೆ ಮಂಚ ಇರೋ ರೂಮ್ ಮಾಡ್ತೀರಾ? ಅಮ್ಮನಿಗೆ ಬ್ಯಾಕ್ ಪೇನ್."

ನಾನು ಡಾಕ್ಟರಮ್ಮನನ್ನೇ ಕೇಳಿದೆ. ಆಕೆ ನಕ್ಕರು. "ಬೆನ್ನು ನಂದು, ಡಾಕ್ಟರೂ ನಾನಽ. ಒಂದು ಮಂಚ ಸಾಕು." ಆಮೇಲೆ ಮೆತ್ತಗೆ ಅಂದರು: "ಅಕಿಗೆ ಅವರಪ್ಪನ ನೆನಪು ಬರತದ. ಬೈಬ್ಯಾಡ್ರಿ. ನಾ ಮಾತಾಡತೀನಿ."

ತಾಯಿ ಮಗಳು ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಮರುದಿನ ಮಗಳು ಖುದ್ದಾಗಿ ಬಂದಳು. ಕಣ್ಣು ಸ್ವಲ್ಪ ಕೆಂಪಾಗಿತ್ತು, ಮುಖ ಮಾತ್ರ ಹಗುರಾಗಿತ್ತು. "ಸಮುದ್ರ ಕಾಣೋ ರೂಮೇ ಕೊಡಿ ಆಂಟಿ. ಮೈ ಗಿಫ್ಟ್. ಒಂದೇ ಮಂಚ ಇರಲಿ." ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಬಟ್ ಹಾಸಿಗೆ ಗಟ್ಟಿ ಇರಲಿ ಪ್ಲೀಸ್. ಬೆನ್ನು ನೋವು ನಿಜ."

ಮೂರನೇ ಟಿಕೆಟ್

ಎಂಜಿನಿಯರ ತಾಯಿ ತೊಂಬತ್ತರ ಹತ್ತಿರದ ಅಜ್ಜಿ, ಮಗನ ಜೊತೆಗೇ ಇರುವವರು. ಮದುವೆ ಅಂದಾಗ ಅಜ್ಜಿ ಸಂತೋಷವಾಗಿಯೇ ಒಪ್ಪಿದ್ದರು. ಆದರೆ ತಾಯಿಯ ಮುಂದೆ ಹನಿಮೂನ್ ಅನ್ನಲು ಎಂಜಿನಿಯರಿಗೆ ನಾಲಗೆ ಏಳಲಿಲ್ಲ. "ಸಮುದ್ರಸ್ನಾನಕ್ಕೆ ಒಂದು ದ್ವೀಪಕ್ಕೆ ಹೋಗಿಬರ್ತೀವಮ್ಮ" ಅಂದುಬಿಟ್ಟರು.

ಅಜ್ಜಿ ನೇರವಾಗಿ ನನಗೇ ಫೋನ್ ಮಾಡಿದರು. "ಸಮುದ್ರಸ್ನಾನಕ್ಕೆ ನನ್ನದೂ ಒಂದು ಟಿಕೆಟ್ ಹಾಕಮ್ಮ. ಕಿಟಕಿ ಪಕ್ಕ ಸೀಟಿರಲಿ."

ವಿಷಯ ತಿಳಿದು ಎಂಜಿನಿಯರು, "ಟಿಕೆಟ್ ಖಾಲಿ ಅಂತ ನೀವೇ ಹೇಳಿಬಿಡಿ" ಅಂತ ನನ್ನನ್ನು ಬೇಡಿಕೊಂಡರು. ಡಾಕ್ಟರಮ್ಮ ಬಿಡಲಿಲ್ಲ. "ಸುಳ್ಳು ಹೇಳಿ ಸಂಸಾರ ಶುರು ಮಾಡೂದಿಲ್ಲ ನಾ. ಖರೇ ಹೇಳ್ರಿ. ಇಲ್ಲಾಂದ್ರ ದ್ವೀಪಾನೂ ಬ್ಯಾಡ, ಮದವೀನೂ ಬ್ಯಾಡ."

ಭಾನುವಾರ ಇಬ್ಬರೂ ಸೇರಿ ಧೈರ್ಯಕ್ಕೆ ಅಂತ ನನ್ನನ್ನೂ ಸ್ಟ್ಯಾನ್ಮೋರಿಗೆ ಕರೆದುಕೊಂಡು ಹೋದರು. ಅಜ್ಜಿ ಕಾಫಿ ಕುಡಿಯುತ್ತಿದ್ದರು. ಎಂಜಿನಿಯರು ಕೈಕಟ್ಟಿ ನಿಂತು, "ಅಮ್ಮಾ, ಅದು ಸಮುದ್ರಸ್ನಾನ ಅಲ್ಲ. ಹನಿಮೂನು" ಅಂದರು.

ಅಜ್ಜಿ ಲೋಟ ಕೆಳಗಿಟ್ಟರು. "ಹನಿಮೂನಾ? ಮೊದಲೇ ಬಾಯಿಬಿಟ್ಟು ಹೇಳಬಾರದೇನೋ! ಹಾಗಾದರೆ ನಾನು ಬರಲ್ಲ."

ಡಾಕ್ಟರಮ್ಮ ಪಕ್ಕ ಕೂತು ಅಜ್ಜಿಯ ಕೈ ಹಿಡಿದುಕೊಂಡರು. "ಬ್ಯಾಸರಾತೇನ್ರಿ ಅತ್ಯಾರ?"

"ಬೇಜಾರಲ್ಲಮ್ಮ, ಅನುಭವ. ಇವನ ಮೊದಲನೇ ಹನಿಮೂನಿಗೆ ನಾನೂ ಊಟಿಗೆ ಹೋಗಿದ್ದೆ. ಸಿಕ್ಕಿದ್ದು ಒಂದೇ ರೂಮು. ಚಳಿ ಅಂತ ಇಬ್ಬರ ಮಧ್ಯೆ ಮಲಗಿದ್ದೆ. ಇಬ್ಬರೂ ಆ ಕಡೆ ಈ ಕಡೆ ಹೊರಳಾಡಿ ಹೊರಳಾಡಿ, ನನಗೊಂದು ಚೂರು ನಿದ್ದೆ ಮಾಡೋಕೆ ಬಿಡಲಿಲ್ಲ!"