ಅತ್ತೆಯ ಮೊಣಕಾಲು ಮತ್ತು ಕೊಲ್ಹಾರದ ಬಾಗಿಲು

ಡೈನಿಂಗ್ ಟೇಬಲ್ ಎಂದರೆ ಏನು? ನಾಲ್ಕು ಕಾಲು, ಮೇಲೊಂದು ಹಲಗೆ. ಇಷ್ಟೇ! ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿದವನಿಗೆ ಒಂದು ಆಯತವನ್ನು ಮನೆಗೆ ತರುವುದು ದೊಡ್ಡ ಮಾತೇ? ಬಸವನ ಬಾಗೇವಾಡಿಯ ಹೊಸ ಅಪಾರ್ಟ್‌ಮೆಂಟಿನ ಎರಡನೇ ಅಂತಸ್ತಿಗೆ ನಾವು ಕಾಲಿಟ್ಟ ದಿನ ಹೆಂಡತಿ ಸುಮಿತ್ರಾಳಿಗೆ ನಾನು ಎದೆಯುಬ್ಬಿಸಿ ಹೇಳಿದ್ದು ಇದನ್ನೇ. ಮನೆ ಕೊಂಡು ಕೈ ಬರಿದಾಗಿತ್ತು. ಉತ್ಸಾಹ ಮಾತ್ರ ಉಕ್ಕುತ್ತಿತ್ತು.

ಟೇಬಲ್ ಬೇಕಾಗಿದ್ದದ್ದು ನಮ್ಮ ಅತ್ತೆಗೆ. ಇಂಡಿ ಊರಿನಲ್ಲಿರುವ ಅವರಿಗೆ ಮೊಣಕಾಲು ನೋವು. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ಟೇಬಲ್ಲಿಗೆ ಜಾಗವೇ ಇರಲಿಲ್ಲ. ಹಾಗಾಗಿ ನಾಲ್ಕು ವರ್ಷ ಅವರು ಮಗಳ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಸುಮಿತ್ರಾ ಅದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದಳು.

"ಅವ್ವ ಐತವಾರ ಬರ್ತಾಳ್ರಿ. ನನ್ನ ಮನ್ಯಾಗ ಆಕಿ ಖುರ್ಚಿ ಮ್ಯಾಲ ಕುಂತು ಹೊಟ್ಟಿ ತುಂಬ ಉಣಬೇಕು. ಮತ್ತೇನೂ ಬ್ಯಾಡ ನನಗ. ಖುರ್ಚಿ ಅದಾವ, ಸಾದಾ ಒಂದ ಟೇಬಲ್ ತರ್ರಿ, ಸಾಕು," ಎಂದಳು.

ಸಾದಾ! ಆ ಶಬ್ದ ನನ್ನ ಕಲಾಪ್ರಜ್ಞೆಯನ್ನು ಚುಚ್ಚಿತು. ಮೊಬೈಲಿನಲ್ಲಿ ನಾನೊಂದು ವಿಡಿಯೋ ನೋಡಿದ್ದೆ. ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ, ಕಾಲು ಜೋಡಿಸಿ, ಅರಮನೆಗೆ ಒಪ್ಪುವಂಥ ಟೇಬಲ್ ಮಾಡಿದ್ದರು. ಹಳೆಯ ಬಾಗಿಲು ನಮ್ಮ ಕಡೆ ಸಿಗುವುದಿಲ್ಲವೇ? ಹಳೆ ಕೊಲ್ಹಾರ ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದಾಗ ಜನ ಮನೆ ಬಿಚ್ಚಿ ಹೊತ್ತು ತಂದ ಕಟ್ಟಿಗೆ ಇನ್ನೂ ಅವರವರ ಹಿತ್ತಲಲ್ಲಿ ಒರಗಿಕೊಂಡಿದೆ. ಮರುದಿನವೇ ಹೋದೆ. ಒಬ್ಬರ ದನದ ಕೊಟ್ಟಿಗೆಯಲ್ಲಿ ಸಿಕ್ಕೇಬಿಟ್ಟಿತು: ಅಪ್ಪಟ ಸಾಗವಾನಿಯ ಒಂಟಿ ಕದ, ಮೈತುಂಬ ದುಂಡು ತಲೆಯ ಕಬ್ಬಿಣದ ಮೊಳೆ, ಜೊತೆಗೆ ಸರಪಳಿ. ಅಂಗಡಿಯ ಟೇಬಲ್ಲಿನ ಅರ್ಧ ಬೆಲೆಗೆ! ನಾನು ಚೌಕಾಸಿ ಕೂಡ ಮಾಡಲಿಲ್ಲ. ಮಾಡಿದರೆ ಮಾಲೀಕರು ಮನಸ್ಸು ಬದಲಿಸಿಯಾರು ಎಂಬ ಭಯ.

ಆ ಬಾಗಿಲು ಟಂಟಂ ಗಾಡಿಯಲ್ಲಿ ಬಾಗೇವಾಡಿಗೆ ಬಂತು. ಬಂದ ಮೇಲೆ ಮೆಟ್ಟಿಲು ಏರಲು ಒಪ್ಪಲಿಲ್ಲ. ಆರು ಜನ ಹೊತ್ತೆವು. ಸರಿಯಾಗಿ ಹೇಳಬೇಕೆಂದರೆ ಐದು ಜನ ಹೊತ್ತರು, ನಾನು ಕೋನಗಳ ಬಗ್ಗೆ ಸಲಹೆ ಕೊಟ್ಟೆ. ನನ್ನ ಸಲಹೆಯಂತೆ ತಿರುಗಿಸಿದಾಗ ಎದುರು ಮನೆಯ ಮಹಿಬೂಬಸಾಬರ ಗೋಡೆಯ ಸುಣ್ಣ ಗೇಣುದ್ದ ಕಿತ್ತು ಬಂತು. ಪಾಪ, ಅವರೂ ಹೊತ್ತವರಲ್ಲಿ ಒಬ್ಬರು.

"ಇರ್ಲಿ ಬಿಡ್ರಿ ಮಾಸ್ತರ, ಟೇಬಲ್ ಭಾರಿ ಐತಿ," ಎಂದು ಏದುಸಿರು ಬಿಟ್ಟರು.

ವೆಲ್ಡಿಂಗ್ ಅಂಗಡಿಯವನು ನಾಲ್ಕು ಕಬ್ಬಿಣದ ಕಾಲು ಮಾಡಿಕೊಟ್ಟ. ಬಾಗಿಲು ಮಲಗಿತು. ನಾನು ದೂರ ನಿಂತು ನೋಡಿದೆ. ಆಹಾ! ನನಗೆ ನಿಜವಾಗಿಯೂ ಕುಣಿಯಬೇಕೆನಿಸಿತು. ಸುಮಿತ್ರಾ ಒಂದು ಊಟದ ತಾಟು ತಂದಿಟ್ಟಳು. ತಾಟು ಮೊಳೆಯ ತಲೆಯ ಮೇಲೆ ಕೂತು ನನ್ನತ್ತ ಬಾಗಿತು. ಸಾರು ಅದರ ಹಿಂದೆಯೇ ಬಂತು.

ತಕ್ಷಣ ಅಳತೆಪಟ್ಟಿ ಹಿಡಿದೆ. ಮೊಳೆಯಿಂದ ಮೊಳೆಗೆ ಆರು ಇಂಚು. ತಾಟು ಹನ್ನೆರಡು ಇಂಚು. "ಸಣ್ಣ ತಾಟು ಇಟ್ಟರೆ ಆಯಿತು," ಎಂದೆ.

"ಅವ್ವಗ ಸಾಸರಿನ್ಯಾಗ ರೊಟ್ಟಿ ಹಾಕೂಣೇನ್ರಿ?" ಎಂದಳು ಸುಮಿತ್ರಾ.

ಮಗುಚಿ ನೋಡಿದೆವು. ಹಿಂಬದಿಗೆ ಅಂಗೈ ದಪ್ಪದ ಅಡ್ಡಪಟ್ಟಿಗಳು. ಕೊನೆಗೆ ಸೋಲೊಪ್ಪದ ನಾನು ದಪ್ಪ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಮೊಳೆಗಳ ಮೇಲೆ ಹಾಸಿದೆ. ತಾಟು ನಿಂತಿತು! ಜಗತ್ತಿನಲ್ಲಿ ಹಾಸಿಗೆ ಹೊದ್ದ ಮೊದಲ ಡೈನಿಂಗ್ ಟೇಬಲ್ ನಮ್ಮದೇ ಇರಬೇಕು.

ಭಾನುವಾರ ಅತ್ತೆ ಬಂದರು. ಒಂದೊಂದೇ ಮೆಟ್ಟಿಲಿಗೆ ಒಂದೊಂದು ದೇವರನ್ನು ನೆನೆಯುತ್ತ ಹತ್ತಿ, ಖುರ್ಚಿಯ ಮೇಲೆ ಕೂತರು. ಸುಮಿತ್ರಾ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದಳು. ಅವಳ ಮುಖದಲ್ಲಿ ಹಬ್ಬವಿತ್ತು. ಅತ್ತೆ ಕೌದಿ ಸರಿಮಾಡಲೆಂದು ಅದರ ಅಂಚು ಎತ್ತಿದರು. ಮೊಳೆ ಕಂಡಿತು. ಸರಪಳಿ ಕಂಡಿತು. ಕಟ್ಟಿಗೆಯ ಸಂದಿಯಲ್ಲಿ ಗಟ್ಟಿಯಾಗಿ ಕೂತ ಹಳೆಯ ಅರಿಷಿಣ, ಕುಂಕುಮವೂ ಕಂಡಿತು. ಏಳಲು ಇಬ್ಬರು ಬೇಕಾಗಿದ್ದ ಅತ್ತೆ ಒಬ್ಬರೇ ಎದ್ದು ನಿಂತು ಕೈಮುಗಿದರು!

"ಇದು ತಲಬಾಗಿಲ ಅಲ್ಲೇನ? ಯಾವ ಪುಣ್ಯಾತಗಿತ್ತಿ ದಿನಾ ಮುಂಜಾನೆ ಇದಕ್ಕ ಪೂಜಾ ಮಾಡ್ಯಾಳೋ ಏನೋ! ಇದರ ಮ್ಯಾಲ ಎಂಜಲಾ ಮಾಡ್ಲೇನ ನಾನು? ನಿಂದರಸ್ರಿ ಮದಲ!"

ಮತ್ತೆ ಮಹಿಬೂಬಸಾಬರನ್ನು ಕರೆದೆ. ಕಾಲು ಬಿಚ್ಚಿ, ಬಾಗಿಲನ್ನು ಹಾಲ್‌ನ ಗೋಡೆಗೆ ನಿಲ್ಲಿಸಿ ಹಗ್ಗ ಬಿಗಿದೆವು. ಅತ್ತೆ ಅರಿಷಿಣ, ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದರು. ಕಾಲುಗಳು ಮೂಲೆಯಲ್ಲಿ ಉಳಿದವು. ರೇಖಾಗಣಿತದ ಪ್ರಕಾರ ಅರ್ಧ ಟೇಬಲ್ ಇನ್ನೂ ನಮ್ಮ ಬಳಿ ಇತ್ತು.

ಸಂಜೆ ಕೆಳಗಿನ ಮನೆಯವರು ಬಂದು ಬಾಗಿಲು ನೋಡಿದರು. "ಬಿಲ್ಡರ ನಿಮಗ ಮೂರ ಬೆಡ್‌ರೂಮ್ ಕೊಟ್ಟಾನೇನ್ರಿ? ನಮಗ ಎರಡ ಕೊಟ್ಟಾನಲ್ರಿ!"

"ಅದು ರೂಮಲ್ರೀ. ಅದು ಟೇಬಲ್," ಎಂದೆ.

ಅವರು ನಂಬದೆ ಸರಪಳಿ ಹಿಡಿದು ಎಳೆದರು. ಹಗ್ಗ ಸಡಿಲಾಗಿ ಒಳಗೆ ಗೋಡೆ ಕಂಡ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. ಕತ್ತಲಾಗುವುದರೊಳಗೆ ಇಡೀ ಅಪಾರ್ಟ್‌ಮೆಂಟು ನಮ್ಮ ಮೂರನೇ ಬೆಡ್‌ರೂಮ್ ನೋಡಿಹೋಯಿತು. ಬಿಲ್ಡರಿಗೆ ಎರಡು ಫೋನು ಹೋದವು.

ಇದೆಲ್ಲ ನಗುವ ಮಾತಾಯಿತು. ಆದರೆ ಅತ್ತೆಯ ಊಟ? ಹೊಸ ಟೇಬಲ್ಲಿಗೆ ಪಗಾರ ಬರಬೇಕು. ಆ ರಾತ್ರಿ ಅವರು ಮಂಚದ ತುದಿಗೆ ಕೂತು ತೊಡೆಯ ಮೇಲೆ ತಾಟು ಇಟ್ಟುಕೊಂಡರು. ಸಾರು ಸೀರೆಗೆ ಚೆಲ್ಲಿತು. ಅರ್ಧ ರೊಟ್ಟಿಗೇ "ಸಾಕವಾ" ಎಂದುಬಿಟ್ಟರು. ಅಡುಗೆಮನೆಯಲ್ಲಿ ಸುಮಿತ್ರಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಗ ಮಹಿಬೂಬಸಾಬರ ಹೆಂಡತಿ ಹಸೀನಾಬಿ ಬಾಗಿಲಲ್ಲಿ, ಅಂದರೆ ನಿಜವಾದ ಬಾಗಿಲಲ್ಲಿ, ಬಂದು ನಿಂತರು. "ಅಮ್ಮಾ, ತಾಟ ತಗೊಂಡ ನಮ್ಮ ಮನಿಗೆ ಬರ್ರಿ. ನಮ್ಮ ಟೇಬಲ್ ಬರೇ ಟೇಬಲ್ ಐತಿ."

ಅತ್ತೆ ಹೋದರು. ಎರಡು ರೊಟ್ಟಿ ಉಂಡರು! ಹಸೀನಾಬಿಗೂ ಮೊಣಕಾಲು ನೋವಂತೆ. ಇಬ್ಬರಿಗೂ ಮಾತು ಮುಗಿಯಲಿಲ್ಲ. ಎರಡು ದಿನಕ್ಕೆಂದು ಬಂದ ಅತ್ತೆ ಎರಡು ವಾರ ಉಳಿದರು. ಮಲಗುವುದು ನಮ್ಮಲ್ಲಿ, ಉಣ್ಣುವುದು ಎದುರು ಮನೆಯಲ್ಲಿ. ಬಡಿಸಲು ಹೋದ ಸುಮಿತ್ರಾ ಕೂಡ ಅಲ್ಲೇ ಉಣ್ಣತೊಡಗಿದಳು.

ನಾಲ್ಕು ದಿನ ಒಬ್ಬನೇ ಉಂಡೆ. ಐದನೇ ದಿನ ಮಾನ ಬಿಟ್ಟು, ತಾಟು ಹಿಡಿದು ಎದುರು ಮನೆಯ ಹೊಸ್ತಿಲಲ್ಲಿ ನಿಂತೆ. ಟೇಬಲ್ಲಿಗೆ ನಾಲ್ಕೇ ಖುರ್ಚಿ. ನಾಲ್ಕೂ ತುಂಬಿದ್ದವು.

"ಮಾಸ್ತರ, ಚಾಪಿ ಹಾಸ್ಲೇನ್ರಿ?" ಎಂದರು ಮಹಿಬೂಬಸಾಬರು.

ನೆಲಕ್ಕೆ ಕೂತು ರೊಟ್ಟಿ ಮುರಿದೆ. ಮೇಲಿನಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು. ಹೊಸ ಮನೆಗೆ ಬಂದ ಮೇಲೆ ಅಳಿಯನ ಬಗ್ಗೆ ಅವರು ಆಡಿದ ಏಕೈಕ ಮೆಚ್ಚುಗೆಯ ಮಾತನ್ನು ನಾನು ಚಾಪೆಯ ಮೇಲೆ ಕೂತೇ ಕೇಳಿದೆ.

"ಏನರ ಅನ್ರಿ ಹಸೀನಾ, ನಮ್ಮ ಅಳಿಯಂದ್ರ ಮೊಣಕಾಲ ಭಾಳ ಗಟ್ಟಿ ಅದಾವ ನೋಡ್ರಿ!"