ಕಾಕಾ ಗಂಟೆ ಬಾರಿಸಲಿಲ್ಲ

ನಮ್ಮ ಕಾಕಾ ಮನುಷ್ಯರನ್ನೆಲ್ಲ ಪಾರಿವಾಳಗಳೆಂದು ನಂಬಿದ್ದಾರೆ. ಪ್ರೀತಿಯಿಂದಲೇ ನಂಬಿದ್ದಾರೆ ಬಿಡಿ! ಧಾರವಾಡದ ಕಡೆಯವರು, ನಾಗಪುರದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈಗ ಬಜಾಜ್ ನಗರದ ಮನೆಯಿಂದಲೇ ಇಲ್ಲಿನ ಕನ್ನಡದ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಾರೆ. ನನ್ನ ಬಿ.ಎಡ್. ಪುಸ್ತಕದ ವರ್ತನಾವಾದದ ಅಧ್ಯಾಯ ಅವರ ಕಣ್ಣಿಗೆ ಬಿದ್ದದ್ದೇ ಎಡವಟ್ಟಾಯಿತು. ಕಾಳು ಸಿಕ್ಕರೆ ಪಾರಿವಾಳ ಅದೇ ಗುಂಡಿಯನ್ನು ಮತ್ತೆ ಮತ್ತೆ ಕುಕ್ಕುತ್ತದಂತೆ, ಸಿಗದಿದ್ದರೆ ಬಿಟ್ಟುಬಿಡುತ್ತದಂತೆ. ಮೊಬೈಲಿನೊಳಗಿನ ಮಕ್ಕಳಿಗೆ ಕಾಳು ಹಾಕುವುದು ಹೇಗೆ? ಕಾಕಾ ದೇವರ ಮನೆಯ ಗಂಟೆ ತಂದರು. ಸರಿ ಉತ್ತರಕ್ಕೆ ಗಂಟೆ. ಅದನ್ನು ಬಾರಿಸಲು ಕಾಕಾ ಊಟ ಬಿಟ್ಟಾದರೂ ಓಡಿಬರುವರು! ತಪ್ಪು ಉತ್ತರಕ್ಕೆ ಬೈಗುಳವಿಲ್ಲ, ಕಲ್ಲಿನ ಹಾಗೆ ನಿಂತುಬಿಡುವುದು.

ಚಹಾ ಚೆನ್ನಾಗಿತ್ತೆಂದು ಕಾಕೂಗೂ ಒಮ್ಮೆ ಗಂಟೆ ಬಾರಿಸಿದರು.

“ಇನ್ನೊಮ್ಮಿ ಬಾರಿಸ್ರಿ ನೋಡೂಣು, ನಾಳಿಂದ ಚಾ ನೀವ ಮಾಡ್ಕೊಳ್ರಿ!” ಎಂದರು ಕಾಕೂ.

ಕಾಕಾ ಕಲ್ಲಾದರು. ಕಾಕೂನ ಬೈಗುಳ ಅರ್ಧ ಗಂಟೆ ನಿಲ್ಲಲೇ ಇಲ್ಲ. ಪುಸ್ತಕದಲ್ಲಿ ಇದಕ್ಕೆ ಉಪಾಯವಿರಲಿಲ್ಲ.

ಮೇ ತಿಂಗಳ ಮಧ್ಯಾಹ್ನ. ಇಲ್ಲಿ ಬೇಸಿಗೆಯೆಂದರೆ ಮನೆಮನೆಗೂ ತಗಡಿನ ಕೂಲರು. ನೀರು ತುಂಬುವ ಮೊದಲು ಸ್ವಿಚ್ ಆರಿಸಬೇಕು, ಇದು ಕೂಸಿಗೂ ಗೊತ್ತು. “ಏಳೆಂಟ್ಲೆ ಎಷ್ಟ್ರೋ? ಜಲ್ದಿ!” ಎಂದು ಕೇಳಿದ ಕಾಕಾ, ಉತ್ತರ ಬರುವಷ್ಟರಲ್ಲಿ ನೀರು ತುಂಬೋಣವೆಂದು ಎದ್ದಿದ್ದರು. ನಾನು ಬಾಗಿಲಿಗೆ ಬಂದಾಗ ಕೂಲರಿನ ಮೇಲೆ ಕೈಯಿಟ್ಟು ಕಲ್ಲಾಗಿದ್ದರು.

“ಐವತ್ನಾಲ್ಕು, ಸರ್?”

ಮೌನ.

“ಅರವತ್ತಾ, ಸರ್?”

ಮೌನ. ನಾನು ನಕ್ಕೆ. ಇವತ್ತು ನಟನೆ ಜೋರಾಗಿದೆ ಎಂದುಕೊಂಡೆ. ದವಡೆ ಬಿಗಿದದ್ದೂ ನಟನೆಯೇ ಇರಬಹುದೇ?

“ಸರ್, ಛಪ್ಪನ್! ಐವತ್ತಾರು!” ಹುಡುಗಿಯೊಬ್ಬಳು ಕೂಗಿದಳು.

ಗಂಟೆ ಮೇಜಿನ ಮೇಲೇ ಇತ್ತು. ಕಾಕಾ ಓಡಿಬರಲಿಲ್ಲ. ಹಾಗಾದರೆ ಉತ್ತರ ತಪ್ಪೇ? ನಾನು ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡೆ ಎಂದರೆ ನಂಬುತ್ತೀರಾ? ಏಳೆಂಟ್ಲೆ ಐವತ್ತಾರೇ! ಕಾಕಾರನ್ನು ಕರೆಂಟು ಹಿಡಿದಿದೆಯೆಂದು ಆಗ ಹೊಳೆದು ಸ್ವಿಚ್ಚಿಗೆ ಹಾರಿದೆ. ಕಾಕಾ ನೆಲಕ್ಕೆ ಕುಸಿದರು.

ಅಂಗೈ ಸುಟ್ಟಿದ್ದು ಬಿಟ್ಟರೆ ಅಪಾಯವಿಲ್ಲ ಎಂದರು ಡಾಕ್ಟರು. ನನಗೋ ಇನ್ನೂ ಲೆಕ್ಕ ಹತ್ತುತ್ತಿಲ್ಲ. ನಕ್ಕದ್ದು ಎಷ್ಟು ಹೊತ್ತು? ಮಗ್ಗಿ ಹೇಳಿದ್ದು ಎಷ್ಟು ಹೊತ್ತು? ನಕ್ಕದ್ದನ್ನು ಕಾಕಾ ಕೇಳಿಸಿಕೊಂಡರೇ? ಕೇಳಲು ಧೈರ್ಯವಿಲ್ಲ.

ಈಗ ಅವರು ಪಾಠದ ನಡುವೆ ಸುಮ್ಮನಾದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ. ಮೊನ್ನೆ ಯಾರೋ ತಪ್ಪು ಉತ್ತರ ಹೇಳಿದರು. ಮಕ್ಕಳನ್ನು ಬಿಟ್ಟು ಕಾಕಾ ನನ್ನ ಕಡೆ ತಿರುಗಿದರು.

“ಅದೀನವಾ,” ಎಂದರು ಮೆಲ್ಲಗೆ. “ಉತ್ತರ ತಪ್ಪೈತಿ. ನಾ ಚಲೋ ಅದೀನಿ.”