ಕಲಾಸೇವೆಯ ಎರಡು ಗಂಟೆ

ಗಂಡನಾದವನು ಮನೆಯಲ್ಲಿ ಒಂದು ಸುಳ್ಳನ್ನು ಸಾಕುವುದೆಂದರೆ ಸುಲಭದ ಕೆಲಸವಲ್ಲ. ಅದಕ್ಕೆ ದಿನಾ ಮೇವು ಹಾಕಬೇಕು, ಆಗಾಗ ಮೈ ತೊಳೆಯಬೇಕು, ಹಗ್ಗ ಬಿಚ್ಚಿಕೊಂಡು ಓಡದಂತೆ ನೋಡಿಕೊಳ್ಳಬೇಕು. ನಮ್ಮ ಅಂಕಣಕಾರರು ಇಂಥದ್ದೊಂದನ್ನು ಒಂಬತ್ತು ವರ್ಷದಿಂದ ಸಾಕಿಕೊಂಡು ಬಂದಿದ್ದರು. ಅದು ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇತ್ತು.

ಅಂಕಣಕಾರರು ಎಂದ ಕೂಡಲೇ ಯಾರೋ ಮಹಾ ಚಿಂತಕರು ಎಂದುಕೊಳ್ಳಬೇಡಿ. ಪತ್ರಿಕೆಯ ನಾಲ್ಕನೇ ಪುಟದ ಎಡಮೂಲೆಯಲ್ಲಿ, ಕಳೆದುಹೋದ ನಾಯಿಗಳ ಜಾಹೀರಾತಿನ ಮೇಲೆ, 'ನಗರದಲ್ಲಿ ಇಂದು' ಎಂದು ಒಂದು ಗೇಣುದ್ದದ ಅಂಕಣ ಬರುತ್ತದಲ್ಲ, ಅದು ಇವರದು. ಎಲ್ಲಿ ಯಾರ ಗಾಯನ, ಎಲ್ಲಿ ಯಾರ ನೃತ್ಯ, ಯಾವ ಸಭಾಂಗಣದಲ್ಲಿ ಯಾರ ಪುಸ್ತಕ ಬಿಡುಗಡೆ ಎಂಬ ಕರಪತ್ರಗಳನ್ನು ಗುಡ್ಡೆ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು, ಒಂದೊಂದನ್ನೂ ಮೂರು ಸಾಲಿಗೆ ಇಳಿಸುವುದು ಅವರ ಕಾಯಕ. ಎಷ್ಟೇ ಘನಂದಾರಿ ಕಲಾವಿದರಿರಲಿ, ಮೊದಲ ಎರಡು ಹೆಸರು ಉಳಿಯುತ್ತವೆ. ಮೂರನೆಯದರಿಂದ ಆಚೆಗೆ ಕೆಂಪು ಗೀಟು ಬಿದ್ದು ಎಲ್ಲರೂ ಸಾರಾಸಗಟಾಗಿ 'ಮತ್ತಿತರರು' ಆಗಿಬಿಡುತ್ತಾರೆ. (ಹಾಗೆ ಅವರು ಮತ್ತಿತರರಾಗಿಸಿದವರನ್ನೆಲ್ಲ ಒಂದು ಕಡೆ ನಿಲ್ಲಿಸಿದರೆ ಇನ್ನೊಂದು ಊರನ್ನೇ ಕಟ್ಟಬಹುದು.) ಮೂರನೇ ಹೆಸರನ್ನು ಅವರು ಓದುವುದೂ ಇಲ್ಲ. ಕಣ್ಣು ಮುಂದಿನ ಕರಪತ್ರದ ಮೇಲಿದ್ದರೂ ಕೈ ತಾನಾಗಿ ಗೀಟು ಎಳೆಯುತ್ತದೆ.

ಈಗ ಸುಳ್ಳಿನ ವಿಷಯ. ಸಂಜೆ ಆರಕ್ಕೆ ಕೆಲಸ ಮುಗಿದ ಮೇಲೆ ಎರಡು ಗಂಟೆ ಕಾಲ ಅವರು ಊರಿನ ಕಾರ್ಯಕ್ರಮಗಳಿಗೆಲ್ಲ ಹೋಗಿ ಕೂರಬೇಕು, ಅದು ಅಂಕಣದ ಕರ್ತವ್ಯ ಎಂದು ಮನೆಯಲ್ಲಿ ಹೇಳಿದ್ದರು. ನಿಜಕ್ಕೂ ಅವರು ಹೋಗುತ್ತಿದ್ದುದು ಅದೇ ಕಚೇರಿಯ ನೆಲಮಹಡಿಯ ರದ್ದಿ ಕೋಣೆಗೆ. ಅಲ್ಲೊಂದು ಕೇರಂ ಬೋರ್ಡಿತ್ತು. ಎದುರಿಗೆ ಪುಟ ಕಟ್ಟುವ ಸಹೋದ್ಯೋಗಿ ಕೂರುತ್ತಿದ್ದ. ಯಾವ ಸುದ್ದಿಯದಾದರೂ ಬಾಲ ಕತ್ತರಿಸುವುದರಲ್ಲಿ ಅವನು ನಿಸ್ಸೀಮ, ಹಾಗಾಗಿ ಕಚೇರಿಯಲ್ಲಿ ಅವನ ಹೆಸರೇ ಕತ್ತರಿ.

ಎಂಟಕ್ಕೆ ಮನೆ ಸೇರಿ ಕೈಕಾಲು ತೊಳೆದು ಕೂತರೆ ಹೆಂಡತಿಯ ಪ್ರಶ್ನೆ ಸಿದ್ಧವಾಗಿರುತ್ತಿತ್ತು.

"ಇವತ್ತಿನ ಕೊಳಲು ಹೇಗಿತ್ತು ರೀ?"

"ಅಬ್ಬಬ್ಬಾ, ಕೇಳ್ಬೇಡ! ಪೂರ್ವಾರ್ಧ ಗಂಭೀರ, ಉತ್ತರಾರ್ಧ ಮನಮೋಹಕ."

ಇವೆಲ್ಲ ಕರಪತ್ರಗಳಿಂದ ಗೀಟು ಹೊಡೆದು ತೆಗೆದ ವಿಶೇಷಣಗಳು. ಕಚೇರಿಯಲ್ಲಿ ಕಸವಾದದ್ದು ಮನೆಯಲ್ಲಿ ರಸವಾಗುತ್ತಿತ್ತು. ಹೆಂಡತಿ ಗಲ್ಲಕ್ಕೆ ಕೈ ಕೊಟ್ಟು ಕೇಳಿ, "ಪುಣ್ಯವಂತರಪ್ಪ ನೀವು" ಎನ್ನುತ್ತಿದ್ದಳು. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿದ್ದ ತಾಯಿಗೆ ಜೋರು ಕೆಮ್ಮು ಬಂದು ಬಾಯಿಗೆ ಬಟ್ಟೆ ಅಡ್ಡ ಹಿಡಿಯುತ್ತಿದ್ದರು. ಅಂಕಣಕಾರರು ಎರಡು ಸಲ ಕೆಮ್ಮಿನ ಔಷಧಿ ತಂದುಕೊಟ್ಟಿದ್ದರು. ಹೆಂಡತಿಯ ಕೈಯಿಂದ ಈಚೀಚೆಗೆ ಟರ್ಪೆಂಟೈನ್ ವಾಸನೆ ಬರುತ್ತಿರುವುದೂ ಅವರ ಗಮನಕ್ಕೆ ಬಂದಿತ್ತು. ಪಾಪ, ಮಂಡಿನೋವಿಗೆ ಏನೋ ತಿಕ್ಕಿಕೊಳ್ಳುತ್ತಾಳೆ ಎಂದು ಮನಸ್ಸಿನಲ್ಲೇ ಕನಿಕರಪಟ್ಟಿದ್ದರು.

ಹೀಗಿರುವಾಗ ಒಂದು ಶುಕ್ರವಾರ ಬೆಳಗ್ಗೆ ಹೆಂಡತಿ ಪತ್ರಿಕೆಯ ನಾಲ್ಕನೇ ಪುಟವನ್ನು ಅವರ ಕಾಫಿ ಲೋಟದ ಪಕ್ಕ ಹರಡಿದಳು.

"ರೀ, ಕಲಾಭವನದಲ್ಲಿ ಇವತ್ತಿಂದ ಮೂರು ದಿನ ಹವ್ಯಾಸಿಗಳ ಚಿತ್ರಪ್ರದರ್ಶನ ಅಂತೆ. ಭಾನುವಾರ ನಿಮ್ಗೂ ರಜ. ನನ್ನನ್ನ ಕರ್ಕೊಂಡ್ ಹೋಗ್ತೀರಾ?"

"ಅಯ್ಯೋ, ಹವ್ಯಾಸಿಗಳದ್ದೇನು ನೋಡೋದು?"

"ಎರಡು ಹೆಸರು ಹಾಕಿ 'ಮತ್ತಿತರರು' ಅಂದಿದ್ದೀರಿ. ಅವರೆಲ್ಲ ಯಾರು?"

"ಯಾರೋ ಇರ್ತಾರೆ ಬಿಡೆ, ಅಡ್ನಾಡಿಗಳು."

"ಓಹೋ" ಎಂದಳು ಹೆಂಡತಿ. ಆ ಓಹೋ ಮಾಮೂಲಿಗಿಂತ ಸ್ವಲ್ಪ ಉದ್ದವಿತ್ತು. ಆಮೇಲೆ, "ಹೋಗ್ಲೇಬೇಕು. ಅಲ್ಲಿ ಎಲ್ರೂ ನಿಮ್ಗೆ ಗೊತ್ತಿರೋರೇ ಅಲ್ವಾ, ಒಂಬತ್ತು ವರ್ಷದಿಂದ ಹೋಗ್ತಿದ್ದೀರಿ" ಎಂದಳು.

ಅಂಕಣಕಾರರ ಎದೆ ಧಸಕ್ಕೆಂದಿತು. ಕಲಾಭವನದ ಬಾಗಿಲು ಯಾವ ಬೀದಿಗೆ ಮುಖ ಮಾಡಿದೆ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಅಲ್ಲೇ ಬಿಡಾರ ಹೂಡಿದವನ ಗುರುತು ಬಾಗಿಲ ಕಾವಲುಗಾರನಿಗೂ ಸಿಗದಿದ್ದರೆ? ಹೆಂಡತಿಯ ಬೈಗುಳಕ್ಕೆ ಅವರು ಅಷ್ಟಾಗಿ ಹೆದರುವವರಲ್ಲ, ಅಭ್ಯಾಸವಿತ್ತು. ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳಲ್ಲ, ಆ ಮುಖ ಇನ್ನು ಮೇಲೆ ತನ್ನ ಕಡೆ ಹಾಗೆ ತಿರುಗುವುದಿಲ್ಲವಲ್ಲ ಎಂಬುದೇ ಅವರ ಭಯ.

ಅಂದು ಸಂಜೆ ಕತ್ತರಿಯ ಸಲಹೆ ಕೇಳಿದರು.

"ನೀವೇ ಮೊದ್ಲು ನಕ್ಕುಬಿಡಿ ಸಾರ್" ಎಂದ ಕತ್ತರಿ, ಕಾಯಿಯೊಂದಕ್ಕೆ ಗುರಿಯಿಡುತ್ತ. "ಯಾರಾದ್ರೂ ನಕ್ರೆ ಜನ, ಎಲ್ಲೋ ನೋಡಿದ್ದೀವಿ ಅಂತ ತಾವೂ ನಗ್ತಾರೆ. ಹೆಂಡ್ತಿಗೆ ಅಷ್ಟು ಸಾಕು."

ಶನಿವಾರವಿಡೀ ಅಂಕಣಕಾರರು ಬಚ್ಚಲಿನ ಕನ್ನಡಿಯ ಮುಂದೆ ಪರಿಚಿತ ನಗೆಯ ತಾಲೀಮು ನಡೆಸಿದರು. ಭಾನುವಾರ ಹೊರಡುವಾಗ ತಾಯಿ, "ಹೋಗ್ಬಾಪ್ಪಾ, ಕಣ್ತುಂಬ ನೋಡ್ಕೊಂಡ್ ಬಾ" ಎಂದು ಹರಸಿ ಮತ್ತೆ ಕೆಮ್ಮಿದರು. ಬಾಗಿಲಿಗೆ ಬೀಗ ಸಿಕ್ಕಿಸಲು ಹೋದ ಹೆಂಡತಿಗೆ ಅತ್ತೆ ಒಳಗೇ ಇದ್ದಾರೆಂಬ ನೆನಪಿರಲಿಲ್ಲ. ಗಂಡ ಹೊರಗೆ ಕರೆದುಕೊಂಡು ಹೋಗುತ್ತಿದ್ದಾನೆಂಬ ಸಂಭ್ರಮವಿರಬೇಕು ಎಂದುಕೊಂಡ ಅಂಕಣಕಾರರಿಗೆ ಇನ್ನಷ್ಟು ಕಸಿವಿಸಿಯಾಯಿತು.

ಕಲಾಭವನದ ಬಾಗಿಲಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ಅಂಕಣಕಾರರು ನಗೆಯನ್ನು ಇನ್ನೂ ಅರ್ಧ ಬಿಚ್ಚಿರಲಿಲ್ಲ, ಅವನೇ ಎದ್ದುನಿಂತ.

"ಓಹೋ, ಬನ್ನಿ ಸಾರ್, ಬನ್ನಿ! ನೀವೇ ಅಲ್ವಾ? ದೂರದಿಂದ್ಲೇ ಗುರುತು ಸಿಕ್ತು!"

ಅಂಕಣಕಾರರು ಹಿಂದೆ ತಿರುಗಿ ನೋಡಿದರು. ಬೇರಾರೂ ಇರಲಿಲ್ಲ. ತಕ್ಷಣ ಸಾವರಿಸಿಕೊಂಡು, "ಹ್ಞಾಂ, ಹೇಗಿದ್ದೀಯಪ್ಪಾ? ಮನೇಲೆಲ್ಲ ಸೌಖ್ಯ ತಾನೆ?" ಎಂದರು.

ಒಳಗೆ ಹೋದರೆ ಮತ್ತೂ ಸೋಜಿಗ. ಇಬ್ಬರು ಹೆಂಗಸರು ಪರಸ್ಪರ ತಿವಿದುಕೊಂಡು ಅವರತ್ತ ನೋಡಿ ಮುಗುಳ್ನಕ್ಕರು. ಚಿತ್ರಗಳ ಪಕ್ಕ ನಿಂತಿದ್ದ ಒಬ್ಬ ನಿವೃತ್ತ ದಂತವೈದ್ಯರು (ಅಂಕಣದಲ್ಲಿ ಬಚಾವಾದ ಎರಡು ಹೆಸರುಗಳಲ್ಲಿ ಒಂದು ಇವರದೇ) ಓಡೋಡಿ ಬಂದು ಕೈಕುಲುಕಿದರು.

"ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ! ಏನು ಏಕಾಗ್ರತೆ ಸ್ವಾಮಿ ನಿಮ್ದು!"

"ಒಂಬತ್ತು ವರ್ಷದ ಸಾಧನೆ" ಎಂದರು ಅಂಕಣಕಾರರು, ವಿನಯದಿಂದ ತಲೆ ಬಾಗಿಸಿ.

"ಅದರಲ್ಲೂ ಆ ಬೆರಳು! ಆಹಾ, ಆ ಬೆರಳು!"

ದಿನಾ ಪೆನ್ನು ಹಿಡಿಯುವ ತೋರುಬೆರಳನ್ನು ಅಂಕಣಕಾರರು ಒಮ್ಮೆ ಪ್ರೀತಿಯಿಂದ ನೋಡಿಕೊಂಡು, "ಎಲ್ಲಾ ಓದುಗರ ಅಭಿಮಾನ" ಎಂದರು. ದಂತವೈದ್ಯರಿಗೆ ಅದು ಅರ್ಥವಾದಂತೆ ಕಾಣಲಿಲ್ಲ.

ಈಗ ಅಂಕಣಕಾರರ ಎದೆ ಎರಡಂಗುಲ ಮುಂದೆ ಬಂದಿತ್ತು. ಛೇ, ಇಷ್ಟೊಂದು ಅಭಿಮಾನಿಗಳಿರುವಾಗ ಇಷ್ಟು ದಿನ ಬರದೆ ಕೆಟ್ಟೆನಲ್ಲ! ಹೆಂಡತಿಯ ಕಿವಿಯಲ್ಲಿ, "ನೋಡಿದ್ಯಾ, ನಿನ್ ಗಂಡ ಅಂದ್ರೆ ಏನೂಂತ?" ಎಂದು ಪಿಸುಗುಟ್ಟಿದರು.

"ನೋಡ್ತಾ ಇದ್ದೀನಿ. ಬನ್ನಿ, ಆ ಕೊನೇ ಗೋಡೆಗೂ ಹೋಗೋಣ."

ಕೊನೆಯ ಗೋಡೆಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಇವರನ್ನು ಕಂಡದ್ದೇ ತಡ, ಸರಿದು ದಾರಿ ಬಿಟ್ಟರು. ಅಂಕಣಕಾರರು ಗಾಂಭೀರ್ಯದಿಂದ ಮುಂದೆ ಹೋಗಿ ತಲೆಯೆತ್ತಿದರು.

ಎದುರಿಗೆ ಮೂರಡಿ ಅಗಲದ ತೈಲಚಿತ್ರ. ರದ್ದಿ ಕೋಣೆ, ಕಾಗದದ ಕಟ್ಟುಗಳು, ಮೇಲೆ ತೂಗುವ ಬಲ್ಬು, ಅದರ ಕೆಳಗೆ ಕೇರಂ ಬೋರ್ಡು. ಬೋರ್ಡಿನ ಮೇಲೆ ಬಾಗಿದ ಒಬ್ಬ ಮನುಷ್ಯ. ಪ್ಯಾಂಟು ಮಂಡಿಗೆ ಮಡಚಿದೆ, ಬೋಳುತಲೆ ಮಿರಮಿರ ಮಿಂಚುತ್ತಿದೆ, ಒಂದು ಕಣ್ಣು ಮುಚ್ಚಿದೆ, ನಾಲಿಗೆ ಹಲ್ಲಿನ ನಡುವೆ ಸಿಕ್ಕಿದೆ, ತೋರುಬೆರಳು ಈಗಲೋ ಆಗಲೋ ಎಂಬಂತೆ ಕಾದಿದೆ. ಗೋಡೆಯ ಗಡಿಯಾರದಲ್ಲಿ ಆರೂವರೆ. ಎದುರಾಳಿಯ ಮೊಣಕೈಯಷ್ಟೇ ಚಿತ್ರದೊಳಗೆ ಬಂದಿತ್ತು. ಕತ್ತರಿ ಇಲ್ಲೂ ತಪ್ಪಿಸಿಕೊಂಡಿದ್ದ. ಕೆಳಗೆ ಚೀಟಿ: 'ಕಲಾಸೇವೆ'. ಅದರ ಕೆಳಗೆ ಹೆಂಡತಿಯ ಪೂರ್ತಿ ಹೆಸರು.

ನೆಲ ಬಾಯಿಬಿಡಲಿ ಎಂದು ಅಂಕಣಕಾರರು ಕಾದರು. ಬಿಡಲಿಲ್ಲ.

"ಯಾವಾಗ..." ಎಂದರು ಕೊನೆಗೆ.

"ಮೂರು ವರ್ಷ ಆಯ್ತು. ಕನ್ನಡಕ ಮರ್ತು ಹೋಗಿದ್ರಿ. ನೃತ್ಯ ಕಾಣಿಸ್ದೆ ಒದ್ದಾಡ್ತೀರ ಅಂತ ಇಲ್ಲಿಗೇ ತಂದೆ. ನೀವಿರ್ಲಿಲ್ಲ. ಆಫೀಸಿಗೆ ಹೋದೆ, ಕಿಟಕೀಲಿ ಕಂಡ್ರಿ."

"ಬೈಬೇಕಿತ್ತು ಕಣೆ."

"ಬೈಯೋಕೇ ಬಾಯಿ ತೆಗ್ದೆ. ಅಷ್ಟ್ರಲ್ಲಿ ನೀವು ಕೆಂಪು ಕಾಯಿ ಹೊಡೆದ್ರಿ, ಒಳಗೆ ಬಿತ್ತು. ಆಗ ನಿಮ್ಮ ಮುಖ... ಇಷ್ಟು ವರ್ಷ ಸಂಸಾರ ಮಾಡಿ ಆ ಮುಖ ನಾನು ಕಂಡೇ ಇರ್ಲಿಲ್ಲ ರೀ. ಅರ್ಧ ಗಂಟೆ ಅಲ್ಲೇ ನಿಂತು ನೋಡ್ದೆ. ಇದನ್ನ ಬರೀಲೇಬೇಕು ಅನ್ನಿಸ್ತು. ಬರೆಯೋಕೆ ಬರ್ತಿರ್ಲಿಲ್ಲ. ಇಲ್ಲೇ ಸಂಜೆ ಆರಕ್ಕೆ ಚಿತ್ರಕಲಾ ತರಗತಿ ಇದೆ ಅಂತ ನಿಮ್ಮ ಅಂಕಣದಲ್ಲೇ ಓದಿ ಸೇರ್ಕೊಂಡೆ. ನೀವು ಹೆಂಗೂ ಎಂಟಕ್ಕೆ ಬರ್ತಿದ್ರಿ."

"ಮತ್ತೆ ನಾನು ಹೇಳಿದ್ದನ್ನೆಲ್ಲ ಕೇಳ್ತಾ ಕೂರ್ತಿದ್ಯಲ್ಲೇ!"

"ಚೆನ್ನಾಗಿ ಹೇಳ್ತಿದ್ರಿ. ನಾನೂ ಅತ್ತೇನೂ ಕಾಯ್ತಾ ಇರ್ತಿದ್ವಿ. ಆ ಕೊಳಲಿನವರಿಗೆ ಅವತ್ತು ಜ್ವರ ಬಂದು ಕಾರ್ಯಕ್ರಮಾನೇ ರದ್ದಾಗಿತ್ತು. ನೀವು ಮಾತ್ರ ಉತ್ತರಾರ್ಧ ಮನಮೋಹಕ ಅಂದ್ರಿ."

ಪಕ್ಕದಲ್ಲಿದ್ದ ದಂತವೈದ್ಯರು ಸೌಜನ್ಯಕ್ಕಾಗಿ ಬೇರೊಂದು ಚಿತ್ರದ ಕಡೆ ತಿರುಗಿಕೊಂಡರು. ಅವರ ಭುಜ ಮಾತ್ರ ಕುಣಿಯುತ್ತಿತ್ತು.

ಹೆಂಡತಿ ಈಗ ನಗುತ್ತಿರಲಿಲ್ಲ. "ಕರಪತ್ರ ನಿಮ್ಮ ಮೇಜಿಗೆ ಕಳಿಸ್ದೋಳು ನಾನೇ. ಮೂರನೇ ಹೆಸರು ನಂದು. ಓದಿ ದಂಗಾಗ್ತೀರ, ಫೋನ್ ಮಾಡ್ತೀರ ಅಂತ ಗುರುವಾರ ಇಡೀ ದಿನ ಫೋನ್ ಪಕ್ಕದಲ್ಲೇ ಕೂತಿದ್ದೆ. ಬೆಳಗ್ಗೆ ನೋಡಿದ್ರೆ ನಾನು ಅಡ್ನಾಡಿ."

ಅವಳ ದನಿ ಕೊನೆಯಲ್ಲಿ ಸ್ವಲ್ಪ ಜಾರಿತು. ಸಿಕ್ಕಿಬಿದ್ದದ್ದಕ್ಕಿಂತ ನೂರುಪಾಲು ಹೆಚ್ಚು ನೋವು ಅಂಕಣಕಾರರಿಗೆ ಆ ಒಂದು ಮಾತಿನಿಂದಾಯಿತು. ಮತ್ತೆ ಚಿತ್ರದ ಕಡೆ ನೋಡಿದರು. ಕಿವಿಯ ಮೇಲಿನ ನಾಲ್ಕು ಬಿಳಿ ಕೂದಲು, ಅಂಗಿಯ ಹರಿದ ಗುಂಡಿಯ ಜಾಗ, ಎಲ್ಲವೂ ಅಲ್ಲಿತ್ತು. ತಮ್ಮನ್ನು ಯಾರೂ ಇಷ್ಟು ಪ್ರೀತಿಯಿಂದ ಇಷ್ಟು ಹೊತ್ತು ನೋಡಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ಕಣ್ಣು ಮಂಜಾಯಿತು.

"ತಪ್ಪಾಯ್ತು ಕಣೆ. ಏನು ಶಿಕ್ಷೆ ಬೇಕಾದ್ರೂ ಕೊಡು."

ಹೆಂಡತಿ ಮೂಗೊರೆಸಿಕೊಂಡಳು. "ಮುಂದಿನ ಪ್ರದರ್ಶನಕ್ಕೆ ಇನ್ನೊಂದು ಚಿತ್ರ ಕೇಳಿದ್ದಾರೆ. ಮನೇಲೇ ಬರೀಬೇಕು, ನೀವು ಕೂರ್ಬೇಕು. ದಿನಾ ಸಂಜೆ, ಆರರಿಂದ ಎಂಟು."

"ಕೂತೆ ಅಂದ್ಕೋ!" ಎಂದರು ಅಂಕಣಕಾರರು, ಕೇರಂ ಬೋರ್ಡಿಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟು. "ಯಾವ ಭಂಗಿ? ಪೆನ್ನು ಹಿಡಿದು ಆಲೋಚಿಸ್ತಿರೋ ಹಾಗಾ?"

"ಬೆಳ್ಳುಳ್ಳಿ ಸುಲೀತಿರೋ ಹಾಗೆ. ಸುಮ್ನೆ ನಟಿಸಿದ್ರೆ ಸಹಜತೆ ಬರಲ್ಲ, ನಿಜವಾಗ್ಲೂ ಸುಲೀಬೇಕು."

ಮರುದಿನದಿಂದ ಅಂಕಣಕಾರರು ಅಡುಗೆಮನೆಯ ದೀಪದ ಕೆಳಗೆ, ಬೆಳಕು ಬೀಳುವ ಕಡೆ, ತಟ್ಟೆ ಮುಂದಿಟ್ಟುಕೊಂಡು ಕೂತರು. ಮಾತಿಗೆ ತಪ್ಪಲಿಲ್ಲ. ಹನ್ನೊಂದು ದಿನವಾದ ಮೇಲೆ, ಬೆರಳುಗಳು ಉರಿಯುತ್ತಿರುವಾಗ, ಹೆಂಡತಿ ಬ್ರಷ್ ತೊಳೆಯಲು ಎದ್ದುಹೋದ ಸಮಯ ನೋಡಿ, ತಮ್ಮ ಮುಖಾರವಿಂದ ಎಲ್ಲಿವರೆಗೆ ಬಂದಿದೆಯೆಂದು ಮೆಲ್ಲನೆ ಕ್ಯಾನ್ವಾಸಿನ ಹಿಂದಿನಿಂದ ಇಣುಕಿದರು. ತಟ್ಟೆ ಇತ್ತು, ಬೆಳ್ಳುಳ್ಳಿ ಎಸಳೆಸಳಾಗಿ ಅದ್ಭುತವಾಗಿತ್ತು. ತಟ್ಟೆಯ ಆಚೆ ಬರೀ ಬಿಳಿ ಬಟ್ಟೆ.

"ಇವಳೇ, ಇದರಲ್ಲಿ ನಾನೆಲ್ಲಿ?"

"ನೀವಿನ್ನೂ ಬಂದಿಲ್ಲ ರೀ" ಎಂದಳು ಹೆಂಡತಿ ಬಚ್ಚಲಿನಿಂದಲೇ. "ಮೊದ್ಲು ನಿರ್ಜೀವ ವಸ್ತು ಪೂರ್ತಿ ಕಲೀಬೇಕು ಅಂತ ಮೇಷ್ಟ್ರು ಹೇಳಿದ್ದಾರೆ. ನೀವು ಮುಂದಿನ ತಿಂಗಳು. ಅಲ್ಲೀವರೆಗೂ ಕೈ ನಿಲ್ಲಿಸ್ಬೇಡಿ."

ಅಂಕಣಕಾರರು ಬಂದು ಕೂತು ಇನ್ನೊಂದು ಗಡ್ಡೆಯನ್ನು ಕೈಗೆತ್ತಿಕೊಂಡರು.